ಉಡುಪಿಯ ಪೊಲೀಸ್ ಪೇದೆಯಾಗಿದ್ದು, ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಮಡಿದ ಚಿಕ್ಕಜ್ಜನ ಹೆಸರು ಪೊಲೀಸ್ ಹುತಾತ್ಮರ ಪಟ್ಟಿಯಲ್ಲಿ ಏಕಿಲ್ಲ? ಎಲ್ಲಿ ಹುಡುಕಲಿ?

ಅವರು ಮಡಿದಾಗ ಮೈಮೇಲಿದ್ದದ್ದು ಸೇನೆಯ ಸಮವಸ್ತ್ರ, ಹಾಗಾಗಿ ಹೆಸರು ರೆಜಿಮೆಂಟಿನ ಲೆಕ್ಕಕ್ಕೆ ಸೇರುತ್ತದೆ. ಪೊಲೀಸ್ ಹುತಾತ್ಮರ ದಿನವಾದ ಅಕ್ಟೋಬರ್ 21ರಂದು ಓದುವುದು ಪೊಲೀಸ್ ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ. 1939 ಸೆಪ್ಟೆಂಬರ್ 3ರಿಂದ 1947 ಡಿಸೆಂಬರ್ 31ರ ನಡುವೆ ಮಡಿದವರು ಅಲ್ಲಿದ್ದಾರೆ. ಹೆಚ್ಚಿನವರು ಎಡವುವುದು ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ: ಹೆಸರು ‘ನಾರಾಯಣ ಶೆಟ್ಟಿ’ ಎಂದಿದ್ದರೆ, ‘ಶೆಟ್ಟಿ’ಯ ಕೊನೆಗೆ ವೈ ಹಾಕಿ ನೋಡಿ, ಐ ಹಾಕಿಯೂ ನೋಡಿ, ಬರೀ ‘ನಾರಾಯಣ’ ಎಂದೂ ಹುಡುಕಿ. ಊರು ಅಂದಿನ ಮದ್ರಾಸ್ ಪ್ರಾಂತ್ಯದ್ದು, ಆದ್ದರಿಂದ ‘ಸೌತ್ ಕೆನರಾ’ ಎಂದಿದ್ದೀತು. ಬರ್ಮಾದಲ್ಲಿ ಮಡಿದು ಸಮಾಧಿ ಸಿಗದವರಾದರೆ, ಯಾಂಗೂನ್ ಬಳಿಯ ರಂಗೂನ್ ಸ್ಮಾರಕದ ಕಂಬಗಳ ಮೇಲಿನ ಸುಮಾರು 27,000 ಹೆಸರುಗಳಲ್ಲಿ ಅವರದ್ದೂ ಇರಬಹುದು. ದಯವಿಟ್ಟು ಹುಡುಕಿ.