ಹಳೆ ಗಿಟಾರನ್ನು ಎದುರಿನಿಂದ ನೋಡಬೇಡಿ

ಪ್ರಶ್ನೆ: 1962ರ ಮೂಲ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರಿಗೂ ಅದರ ರೀಇಶ್ಯೂಗೂ (ಕಂಪನಿಯೇ ಹಳೆ ಮಾದರಿಯಂತೆ ಮತ್ತೆ ತಯಾರಿಸಿದ್ದು) ಬಾಡಿಯಲ್ಲಿ ನಿಜಕ್ಕೂ ವ್ಯತ್ಯಾಸ ಇದೆಯೇ? ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಎದುರಿನಿಂದ ತೆಗೆದ ಫೋಟೋವನ್ನೇ ಕಳಿಸುತ್ತಾರೆ. ಎದುರಿನಿಂದ ಒಂದೇ ಥರ ಕಾಣದೆ ಇನ್ನೇನು? ಹೊರಗಿನ ಗೆರೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಗಿಟಾರನ್ನು ಪಕ್ಕಕ್ಕೆ ತಿರುಗಿಸಿ. ಮೊಣಕೈ ಊರುವ ಇಳಿಜಾರು ನೋಡಿ, ಹಿಂದೆ ಹೊಟ್ಟೆಗೆ ತಾಗುವ ತಗ್ಗು ನೋಡಿ. 50ರ ದಶಕದಲ್ಲೂ 60ರ ದಶಕದ ಶುರುವಿನಲ್ಲೂ ಇವು ಚೆನ್ನಾಗಿ ಆಳವಾಗಿದ್ದವು. ಕೈಯಲ್ಲಿ ಉಜ್ಜಿ ಮುಗಿಸುತ್ತಿದ್ದರು, ಹಾಗಾಗಿ ಒಂದು ಬಾಡಿ ಇನ್ನೊಂದರಂತೆ ಇರುವುದಿಲ್ಲ. 70ರ ದಶಕದ ಹೊತ್ತಿಗೆ ಹಲವು ಬಾಡಿಗಳಲ್ಲಿ ತಗ್ಗು ಹೆಸರಿಗಷ್ಟೇ ಉಳಿಯಿತು. 1982ರಲ್ಲಿ ಫೆಂಡರ್ 57 ಮತ್ತು 62ರ ರೀಇಶ್ಯೂ ತಂದಿದ್ದು ಹಳೆ ಆಕಾರಕ್ಕೆ ಮರಳಲು. ಈಗಿನ ಬಾಡಿಗಳನ್ನು ಕಂಪ್ಯೂಟರ್ ಯಂತ್ರ ಕಡಿಯುತ್ತದೆ, ಅವೆಲ್ಲ ಒಂದಕ್ಕೊಂದು ಹೋಲುತ್ತವೆ. 'ಮೂಲದ ನಿಖರ ನಕಲು' ಅಂತ ಯಾರಾದರೂ ಹೇಳಿದರೆ, ಯಾವ ಮೂಲದ್ದು ಅಂತ ಕೇಳಿ. ಉತ್ತರ ಬರುವುದಿಲ್ಲ.

ಮರದ ವಿಷಯ. 1956ರ ಮಧ್ಯದಿಂದ ಸ್ಟ್ರಾಟ್‌ಗೆ, ಅಂದರೆ ಸ್ಟ್ರಾಟೋಕ್ಯಾಸ್ಟರ್‌ಗೆ, ಹೆಚ್ಚಾಗಿ ಆಲ್ಡರ್ ಮರ ಬಂತು, ಬ್ಲಾಂಡ್ ಎಂಬ ತಿಳಿ ಬಣ್ಣಕ್ಕೆ ಮಾತ್ರ ಆಶ್ ಮರ ಉಳಿಯಿತು. 62ರ ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢ ಬಣ್ಣ) ಅಂತ ಆಶ್ ಬಾಡಿ ತೋರಿಸಿದರೆ ಅನುಮಾನ ಪಡಿ.

ಉಳಿದ ಗುಟ್ಟೆಲ್ಲ ಪಿಕ್‌ಗಾರ್ಡ್ (ಬಾಡಿಯ ಮುಖದ ಮೇಲಿನ ಪ್ಲಾಸ್ಟಿಕ್ ಫಲಕ) ಅಡಿಯಲ್ಲಿದೆ. ಹಳೆಯದರಲ್ಲಿ ಮೂರು ಪಿಕಪ್‌ಗೆ (ತಂತಿಯ ಸದ್ದು ಹಿಡಿಯುವ ಭಾಗ) ಮರದಲ್ಲಿ ಕೊರೆದ ಮೂರು ಬೇರೆ ಗುಂಡಿ. ಆಮೇಲಿನ ಹಲವು ಮಾದರಿಗಳಲ್ಲಿ ಒಂದೇ ದೊಡ್ಡ ಗುಂಡಿ, ಅದನ್ನು ಸ್ವಿಮ್ಮಿಂಗ್ ಪೂಲ್ ಅಂತಲೇ ಕರೆಯುತ್ತಾರೆ. ಒಳ್ಳೆ ರೀಇಶ್ಯೂಗಳು ಮೂರು ಗುಂಡಿಯನ್ನೇ ಉಳಿಸಿಕೊಂಡಿವೆ. ಇನ್ನೊಂದು ಗುರುತು ಮೊಳೆ ತೂತು. 1964ರ ಸುಮಾರಿನವರೆಗೆ ಬಾಡಿಗೆ ಸಣ್ಣ ಮೊಳೆ ಹೊಡೆದು ಬಣ್ಣ ಹಾಕಿ, ಆಮೇಲೆ ಕೀಳುತ್ತಿದ್ದರು. ಹಾಗಾಗಿ ತೂತಿನೊಳಗೆ ಬಣ್ಣ ಇರಬಾರದು. ಮೋಸಗಾರರಿಗೂ ಇದು ಗೊತ್ತು. ತೂತು ನೋಡಿದ ಮಾತ್ರಕ್ಕೆ ದುಡ್ಡು ಎಣಿಸಬೇಡಿ.

ಆದರೆ ನೀವೇ ಸ್ಕ್ರೂಡ್ರೈವರ್ ಹಿಡಿಯುವುದು ಬೇಡ. ಆ ಕಾಲದ ಸೆಲ್ಯುಲಾಯ್ಡ್ ಪಿಕ್‌ಗಾರ್ಡ್ ವರ್ಷ ಕಳೆದಂತೆ ಕುಗ್ಗುತ್ತದೆ, ಸ್ಕ್ರೂ ಪಕ್ಕದಲ್ಲೇ ಸೀಳುತ್ತದೆ. ಸೀಳಿದ ಮೇಲೆ ನನ್ನ ಹತ್ತಿರ ತಂದರೆ ನಾನೇನು ಮಾಡಲಿ?

ಪ್ರಶ್ನೆ: ಪಾಲಿಯೆಸ್ಟರ್ ಬಣ್ಣ ಕೆರೆದು ನೈಟ್ರೋ (ನೈಟ್ರೋಸೆಲ್ಯುಲೋಸ್ ಲ್ಯಾಕರ್) ಹಾಕಿಸಿದರೆ ಮರ 'ಉಸಿರಾಡುತ್ತದೆ' ಅಂತಾರೆ, ನಿಜವೇ?

ಉತ್ತರ: ಕಡಿದ ಮರ ಉಸಿರಾಡುವುದಿಲ್ಲ. ನೈಟ್ರೋ ಅಡಿಯಲ್ಲೂ ರಂಧ್ರ ಮುಚ್ಚುವ ಸೀಲರ್ ಇರುತ್ತದೆ ಅಲ್ವಾ? ಹೀಗೆ ಹೇಳಿ ದುಡ್ಡು ಕೀಳುವವರ ಮಾತು ಕೇಳಿ ಹಳೆ ಗಿಟಾರ್ ಕೆರೆಸಬೇಡಿ. ಮೂಲ ಬಣ್ಣ ಹೋದರೆ ಬೆಲೆಯೂ ಬೀಳುತ್ತದೆ.

ಪ್ರಶ್ನೆ: ತೂಕ ನೋಡಿ ಹಳೆ ಗಿಬ್ಸನ್ ಲೆಸ್ ಪಾಲ್ ಗುರುತಿಸಬಹುದೇ?

ಉತ್ತರ: ಇಲ್ಲ. ಮಹಾಗನಿ ಹಲಗೆ ಹಲಗೆಗೂ ತೂಕ ಬೇರೆ. ಮೇಪಲ್ ಮುಖ ಅಂಚಿನ ಹತ್ತಿರ ಹೇಗೆ ತಗ್ಗುತ್ತದೆ ಅಂತ ನೋಡಿ. 50ರ ದಶಕದ್ದರಲ್ಲಿ ನೆಕ್‌ನ ನಾಲಗೆ, ಅಂದರೆ ಬಾಡಿಯೊಳಗೆ ಕೂರುವ ಅದರ ತುದಿ, ಪಿಕಪ್ ಗುಂಡಿಯೊಳಗೆ ಚಾಚಿರುತ್ತದೆ.

ಪ್ರಶ್ನೆ: ನನ್ನ 1974ರ ಸ್ಟ್ರಾಟ್ ಬಾಡಿಯನ್ನು ಉಜ್ಜಿ 62ರ ಆಕಾರಕ್ಕೆ ತರಬಹುದೇ?

ಉತ್ತರ: ಬೇಡ. ಆ ಆಕಾರ ಬೇಕಿದ್ದರೆ ರೀಇಶ್ಯೂ ಕೊಳ್ಳಿ, ಅದು ಇರುವುದೇ ಅದಕ್ಕೆ. ಇಂಥ ಕೆಲಸವನ್ನು ನಾನಂತೂ ಒಪ್ಪಿಕೊಳ್ಳುವುದಿಲ್ಲ.