ಪ್ರತಿಕ್ರಿಯೆ: ಮಗನನ್ನು ದುಭಾಷಿ ಮಾಡಬೇಡಿ

ವಲಸೆ ಬಂದ ತಾಯಂದಿರು ಭಾಷೆ ಬರದೆ ಹತ್ತು ವರ್ಷದ ಮಗನನ್ನೇ ದುಭಾಷಿಯಾಗಿ ಕ್ಲಿನಿಕ್ಕಿಗೆ ಕರೆತರುತ್ತಾರೆ, ಇದು ಸರಿಯಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮುಟ್ಟಿನ ತೊಂದರೆಯನ್ನೋ ಗಂಡನ ಹೊಡೆತವನ್ನೋ ಯಾವ ತಾಯಿ ಮಗನ ಮುಂದೆ ಹೇಳುತ್ತಾಳೆ? ಸುಮ್ನೆ ‘ಹೊಟ್ಟೆನೋವು’ ಅಂದು ಎದ್ದು ಹೋಗುತ್ತಾಳೆ. ಮಗುವಿಗೂ ಅದು ಹೊರಲಾಗದ ಭಾರ.

ತರಬೇತಿ ಪಡೆದ ದುಭಾಷಿ ಎದುರಿಗೇ ಇರಬೇಕೆಂದಿಲ್ಲ, ಫೋನ್‌ನಲ್ಲೂ ಆಗುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥ ಸೇವೆ 1973ರಲ್ಲೇ ಶುರುವಾಯಿತು. ದುಭಾಷಿ ಹೆಂಗಸೇ ಬೇಕಾ ಅಂತ ತಾಯಿಯನ್ನು ಮೊದಲೇ ಕೇಳಿ. ದುಭಾಷಿ ಅವರದೇ ಸಮುದಾಯದವರಾದರೆ ಸುದ್ದಿ ಹಬ್ಬುವ ಭಯವೂ ಇರುತ್ತದೆ. ಮಾತಾಡುವಾಗ ಆ ತಾಯಿಯ ಮುಖ ನೋಡಿ, ದುಭಾಷಿಯದ್ದಲ್ಲ. ‘ಅರ್ಥ ಆಯ್ತಾ’ ಅಂದರೆ ಯಾರಾದರೂ ತಲೆಯಾಡಿಸುತ್ತಾರೆ, ಅಲ್ವಾ? ಮಾತ್ರೆ ಯಾವಾಗ ತಗೊಳ್ಳಬೇಕು ಅಂತ ಅವರಿಂದಲೇ ಹೇಳಿಸಿ.