ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಆರ್ಕೈವ್ ಮತ್ತು ಟೊರೆಂಟ್ ಮಾತ್ರ ಇಲ್ಲ. ಕಂಪನಿಯವರು ಬೇಕಂತಲೇ ತಡೆಯುತ್ತಿದ್ದಾರಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಯೂಟ್ಯೂಬ್‌ಗೆ ಏನೂ ತೊಂದರೆ ಇಲ್ಲ. ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಲೈಬ್ರರಿಯ ತಾಣ ಆರ್ಕೈವ್ ಡಾಟ್ ಆರ್ಗ್‌ನಿಂದ ಹಳೆಯ ರಂಗಗೀತೆಗಳ ಗ್ರಾಮಫೋನ್ ರೆಕಾರ್ಡಿಂಗ್, ಹಳೆಯ ಪುಸ್ತಕ ಇಳಿಸಿಕೊಳ್ಳಲು ಹೋದರೆ ತೆವಳುತ್ತದೆ. ಅದರ ಟೊರೆಂಟ್ ಹಾಕಿದರೆ ಸೊನ್ನೆಯಲ್ಲೇ ನಿಲ್ಲುತ್ತದೆ. ಕಸ್ಟಮರ್ ಕೇರ್‌ನಲ್ಲಿ ಕೇಳಿದರೆ "ಟೊರೆಂಟ್ ಇಲ್ಲೀಗಲ್ ಸರ್" ಅಂದರು. ಇದು ಬೇಕಂತಲೇ ಮಾಡುತ್ತಿರುವುದಾ, ಇಲ್ಲ ತಪ್ಪು ನನ್ನದೇನಾ ಅಂತ ಕೇಳಿದ್ದೀರಿ.

ತಪ್ಪು ನಿಮ್ಮದಲ್ಲ. ಟೊರೆಂಟ್ ಅಂದರೆ ಒಂದೇ ಸರ್ವರ್ ಬದಲು, ಆ ಫೈಲ್ ಇಟ್ಟುಕೊಂಡಿರುವ ಬೇರೆಯವರ ಕಂಪ್ಯೂಟರ್‌ಗಳಿಂದ ತುಂಡುತುಂಡಾಗಿ ಫೈಲ್ ಸಾಗಿಸುವ ಒಂದು ದಾರಿ, ಅಷ್ಟೇ. ಲಾರಿಯಲ್ಲಿ ಕಳ್ಳನಾಟಾ ಸಾಗಿಸುವವರು ಇದ್ದಾರೆ ಅಂತ ಲಾರಿಯನ್ನೇ ಅಕ್ರಮ ಅನ್ನೋಕಾಗುತ್ತಾ? ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶಗಳಾದ ಉಬುಂಟು, ಡೆಬಿಯನ್‌ನವರು ತಮ್ಮ ಐಎಸ್‌ಒ ಫೈಲುಗಳನ್ನು (ಇನ್‌ಸ್ಟಾಲ್ ಮಾಡುವ ಫೈಲು) ಟೊರೆಂಟ್‌ನಲ್ಲೂ ಕೊಡುತ್ತಾರೆ. ಇಂಟರ್ನೆಟ್ ಆರ್ಕೈವ್ ತನ್ನ ಲಕ್ಷಾಂತರ ಫೈಲುಗಳಿಗೆ 2012ರಿಂದ ತಾನೇ ಟೊರೆಂಟ್ ಲಿಂಕ್ ಕೊಡುತ್ತಿದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷವಾದರೆ ಪುಸ್ತಕದ ಹಕ್ಕು ಮುಗಿಯುತ್ತದೆ. ಧ್ವನಿಮುದ್ರಣಕ್ಕೆ ಹೊರಬಂದ ಮರುವರ್ಷದಿಂದ 60 ವರ್ಷ. 1894ರ ಕಿಟೆಲ್ ನಿಘಂಟನ್ನು ನೀವು ಇಳಿಸಿಕೊಂಡರೆ ಯಾರ ಸ್ವತ್ತನ್ನೂ ಕದ್ದಂತಲ್ಲ. ಆ ಫೋನ್ ಎತ್ತಿದ ಹುಡುಗನಿಗೆ ಬರೆದುಕೊಟ್ಟಿದ್ದನ್ನು ಅವನು ಓದಿದ್ದಾನೆ. ಆದರೆ ಒಬ್ಬ ಗ್ರಾಹಕನಿಗೆ ಸುಮ್ನೆ ಕಳ್ಳನ ಪಟ್ಟ ಕಟ್ಟುವ ಆ ಮಾತು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಇನ್ನು ಬೇಕಂತಲೇ ಮಾಡುತ್ತಾರಾ ಅನ್ನುವುದು. ನಾನು ಆರು ವರ್ಷ ಒಂದು ತಾಲ್ಲೂಕು ಊರಿನ ಬ್ರಾಡ್‌ಬ್ಯಾಂಡ್ ಆಪರೇಟರ್ ಹತ್ತಿರ ಲೈನ್ ಕೆಲಸ ಮಾಡಿದವನು. ಇಂಥ ದೂರುಗಳಲ್ಲಿ ಹೆಚ್ಚಿನವುಗಳ ಹಿಂದೆ ಯಾರ ಕೈವಾಡವೂ ಇರುತ್ತಿರಲಿಲ್ಲ. ಅದಕ್ಕೇ ಜಗಳಕ್ಕೆ ಹೋಗುವ ಮೊದಲು ಎರಡು ವಿಷಯ ನೋಡಿಕೊಳ್ಳಿ.

ಒಂದು, ದೂರ. ಗೂಗಲ್ ತನ್ನ ಕ್ಯಾಶ್ ಸರ್ವರ್‌ಗಳನ್ನು (ವಿಡಿಯೊಗಳ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್) ಇಂಟರ್ನೆಟ್ ಕಂಪನಿಗಳ ಒಳಗೇ ಇಟ್ಟಿರುತ್ತದೆ. ನಿಮ್ಮ ಯೂಟ್ಯೂಬ್ ವಿಡಿಯೊ ಹೆಚ್ಚಾಗಿ ಹತ್ತಿರದಿಂದಲೇ ಬರುತ್ತದೆ. ಸ್ಪೀಡ್ ಟೆಸ್ಟ್ ಕೂಡ ಹತ್ತಿರದ ಸರ್ವರ್ ಹುಡುಕಿಕೊಳ್ಳುವುದರಿಂದ 98 ತೋರಿಸುತ್ತದೆ. ಆರ್ಕೈವ್‌ನ ಸರ್ವರ್‌ಗಳು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಂದ ಸಮುದ್ರದ ಕೇಬಲ್ ಹಿಡಿದು ನಿಮ್ಮೂರಿಗೆ ಬರಬೇಕು. ಜೊತೆಗೆ ಅದು ದೇಣಿಗೆಯಲ್ಲಿ ನಡೆಯುವ ಲೈಬ್ರರಿ, ಅವರ ಕಡೆಯೇ ಜಾಸ್ತಿ ಲೋಡ್ ಇರುತ್ತದೆ.

ಎರಡು, ಸಿಜಿನ್ಯಾಟ್. ಐಪಿ ವಿಳಾಸಗಳು ಸಾಲದೆ ನಮ್ಮಲ್ಲಿ ಎಷ್ಟೋ ಕಂಪನಿಗಳು ಒಂದೇ ವಿಳಾಸದ ಹಿಂದೆ ತುಂಬಾ ಮನೆಗಳನ್ನು ಇಡುತ್ತವೆ. ನೀವು ಹೊರಗೆ ಹೋಗಬಹುದು, ಹೊರಗಿನವರು ನಿಮ್ಮ ಬಾಗಿಲು ತಟ್ಟೋಕೆ ಆಗುವುದಿಲ್ಲ. ಟೊರೆಂಟ್‌ಗೆ ಎರಡೂ ಕಡೆಯ ಓಡಾಟ ಬೇಕು. ನಿಮ್ಮ ರಂಗಗೀತೆಯ ಫೈಲ್ ಜಗತ್ತಿನಲ್ಲಿ ಇಬ್ಬರ ಹತ್ತಿರ ಮಾತ್ರ ಇದ್ದು, ಅವರೂ ನಿಮ್ಮ ಹಾಗೇ ಸಿಜಿನ್ಯಾಟ್ ಹಿಂದೆ ಇದ್ದರೆ ಇಬ್ಬರಿಂದಲೂ ಏನೂ ಬರುವುದಿಲ್ಲ. ರೌಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು ವ್ಯಾನ್ ಐಪಿ (ಕಂಪನಿ ನಿಮ್ಮ ರೌಟರ್‌ಗೆ ಕೊಟ್ಟ ವಿಳಾಸ) ಅನ್ನುವಲ್ಲಿ ನೋಡಿ. 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಅಂತಲೇ ಅರ್ಥ. ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ವಿಳಾಸ, ಕೇಳಿ ಹಾಕಿಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ.

ಎಫ್‌ಯುಪಿ (ಪ್ಲಾನ್‌ನಲ್ಲಿ ಪೂರ್ತಿ ವೇಗಕ್ಕಿರುವ ಡೇಟಾ ಮಿತಿ) ಮುಗಿದಿದ್ದರೆ ಯೂಟ್ಯೂಬ್ ಕೂಡ ತೆವಳುತ್ತಿತ್ತು. ಅದನ್ನು ಬಿಟ್ಟುಬಿಡಿ.

ಇಷ್ಟೆಲ್ಲ ಹೇಳಿದ ಮೇಲೂ, ಬೇಕಂತಲೇ ಕತ್ತು ಹಿಸುಕುವುದು ಇದ್ದೇ ಇದೆ. ಎಲ್ಲರಿಗೂ ಗೊತ್ತಾದ ಪ್ರಕರಣ ಅಮೆರಿಕದ ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್‌ನದು. 2007ರಲ್ಲಿ ರಾಬ್ ಟೊಪೋಲ್ಸ್ಕಿ ಎಂಬ ನೆಟ್‌ವರ್ಕ್ ಎಂಜಿನಿಯರ್ ಹಕ್ಕು ಮುಗಿದ ಹಳೆಯ ಹಾಡುಗಳನ್ನು ಟೊರೆಂಟ್‌ನಲ್ಲಿ ಹಂಚುತ್ತಿದ್ದರು. ಹೆಚ್ಚು ಕಡಿಮೆ ನಿಮ್ಮ ಹಾಗೇ. ಹಾಡು ಹೋಗುತ್ತಲೇ ಇರಲಿಲ್ಲ. ಲೈನಿನಲ್ಲಿ ಓಡಾಡುವ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಹಿಡಿದು ನೋಡಿದಾಗ ಕಂಡಿದ್ದು ಇದು: ಕಂಪನಿ ನಡುವೆ ಕೂತು, ಸಂಪರ್ಕ ಕಡಿದುಕೊಳ್ಳಿ ಅನ್ನುವ ಸುಳ್ಳು ರೀಸೆಟ್ ಪ್ಯಾಕೆಟ್ ಕಳಿಸುತ್ತಿತ್ತು. ನೀವು ನಿಮ್ಮ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೀರಿ ಅಂದುಕೊಳ್ಳಿ. ಮೂರನೆಯವನೊಬ್ಬ ಅವಳ ದನಿಯಲ್ಲಿ ನಿಮಗೂ, ನಿಮ್ಮ ದನಿಯಲ್ಲಿ ಅವಳಿಗೂ "ಸರಿ, ಇಡ್ತೀನಿ" ಅಂದರೆ ಹೇಗಿರುತ್ತದೆ? ಇಬ್ಬರೂ ಫೋನ್ ಇಟ್ಟುಬಿಡುತ್ತೀರಿ, ಅಲ್ವಾ? ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯವರು ಬೈಬಲ್ ಫೈಲ್ ಇಟ್ಟು ಪರೀಕ್ಷಿಸಿದರು. ಅದಕ್ಕೂ ಅದೇ ಗತಿಯಾಯಿತು. 2008ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಇದು ತಪ್ಪು ಅಂದಿತು. 2010ರಲ್ಲಿ ಕೋರ್ಟು, ಹಾಗೆ ಹೇಳುವ ಅಧಿಕಾರ ಎಫ್‌ಸಿಸಿಗೆ ಇಲ್ಲ ಅಂತ ಆ ಆದೇಶವನ್ನು ತಳ್ಳಿಹಾಕಿತು. ಆದರೂ ಆ ಮನುಷ್ಯ ಕೂತು ಲೆಕ್ಕ ಹಿಡಿಯದೇ ಇದ್ದಿದ್ದರೆ ವಿಷಯವೇ ಹೊರಗೆ ಬರುತ್ತಿರಲಿಲ್ಲ.

ನಾನೂ ಅದನ್ನೇ ಮಾಡಿದೆ. ಕೆಲಸ ಬಿಟ್ಟು ಮೈಸೂರಿಗೆ ಬಂದ ಮೇಲೆ ನನ್ನ ಮನೆಯ ಲೈನಿನಲ್ಲೇ ಇದು ಶುರುವಾಯಿತು. ಡೆಬಿಯನ್ ಟೊರೆಂಟ್ ಹಾಕಿದರೆ ಮೊದಲ ಅರ್ಧ ನಿಮಿಷ ಸೆಕೆಂಡಿಗೆ 6 ಎಂಬಿ. ಆಮೇಲೆ ಗೆರೆ ಸಟ್ಟನೆ ಬಿದ್ದು 20 ಕೆಬಿಗೆ ನಿಲ್ಲುತ್ತಿತ್ತು. ನಿಲ್ಲಿಸಿ ಮತ್ತೆ ಹಚ್ಚಿದರೆ ಮತ್ತೆ ಅರ್ಧ ನಿಮಿಷ. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಹಾಕಿಕೊಂಡು ಐದು ದಿನ ಬರೆದೆ. ಬೆಳಗ್ಗೆ 6ಕ್ಕೆ, ರಾತ್ರಿ 9ಕ್ಕೆ. ಒಮ್ಮೆ ವಿಪಿಎನ್ (ಲೈನಿನಲ್ಲಿ ಏನು ಹೋಗುತ್ತಿದೆ ಅಂತ ಕಂಪನಿಗೆ ಕಾಣದಂತೆ ಮುಚ್ಚುವ ತಂತ್ರಾಂಶ) ಇಲ್ಲದೆ, ತಕ್ಷಣ ವಿಪಿಎನ್ ಹಾಕಿ, ಆಮೇಲೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ. ವಿಪಿಎನ್ ಇದ್ದಾಗ ಒಂದು ಸಲವೂ ಬೀಳಲಿಲ್ಲ. ಬರೀ ದೂರದ ಅಥವಾ ಸಿಜಿನ್ಯಾಟ್‌ನ ಸಮಸ್ಯೆಯಾಗಿದ್ದರೆ ಮೊದಲ ಅರ್ಧ ನಿಮಿಷವೂ ಆ ವೇಗ ಸಿಗುತ್ತಿರಲಿಲ್ಲ. ನಾನು ಏನು ಮಾಡುತ್ತಿದ್ದೇನೆ ಅನ್ನುವುದು ಅವರಿಗೆ ಕಾಣದಿದ್ದಾಗ ಮಾತ್ರ ಲೈನು ಸರಿಯಾಗಿ ಓಡುತ್ತಿತ್ತು.

ನೀವೂ ಹೀಗೇ ಮಾಡಿ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೌಟರ್‌ಗೆ ಸಿಕ್ಕಿಸಿ, ವೈಫೈ ಬೇಡ. ಪರೀಕ್ಷೆಗೆ ಉಬುಂಟು ಅಥವಾ ಡೆಬಿಯನ್ ಟೊರೆಂಟ್ ತೆಗೆದುಕೊಳ್ಳಿ. ಅದಕ್ಕೆ ಸೀಡರ್‌ಗಳು, ಅಂದರೆ ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು, ಬೇಕಾದಷ್ಟು ಇರುತ್ತಾರೆ, ಅಕ್ರಮ ಅನ್ನೋಕೆ ಯಾರಿಗೂ ಬಾಯಿ ಬರುವುದಿಲ್ಲ.

ಕಾನೂನು ನಿಮ್ಮ ಕಡೆ ಇದೆ. ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸನ್ನು ದೂರಸಂಪರ್ಕ ಇಲಾಖೆ 2018ರಲ್ಲಿ ಒಪ್ಪಿ ಲೈಸೆನ್ಸ್ ಷರತ್ತಿಗೇ ಸೇರಿಸಿತು. ಕಂಟೆಂಟ್ ನೋಡಿ ತಡೆಯುವುದು, ನಿಧಾನ ಮಾಡುವುದು, ಕೆಲವಕ್ಕೆ ಮಾತ್ರ ವೇಗ ಕೊಡುವುದು ಮೂರೂ ಕೂಡದು. ಯಾವ ಪ್ರೋಟೊಕಾಲ್ (ಡೇಟಾ ಸಾಗಿಸುವ ವಿಧಾನ) ಅಂತ ನೋಡಿ ಭೇದ ಮಾಡುವುದೂ ಇದರಲ್ಲಿ ಬರುತ್ತದೆ. ಅಂದರೆ ಟೊರೆಂಟ್ ಅನ್ನುವ ಒಂದೇ ಕಾರಣಕ್ಕೆ ಹಿಸುಕುವ ಹಾಗಿಲ್ಲ. ದಟ್ಟಣೆ ನಿಭಾಯಿಸಲು ಸ್ವಲ್ಪ ಹೊತ್ತು ಏನಾದರೂ ಮಾಡಬಹುದು, ಆದರೆ ಅದನ್ನು ಗ್ರಾಹಕರಿಗೆ ತಿಳಿಸಿರಬೇಕು. ಕೋರ್ಟು, ಸರ್ಕಾರದ ಆದೇಶಕ್ಕೆ ವಿನಾಯಿತಿ ಇದೆ.

ನನಗೆ ಜಾಸ್ತಿ ಚಿಂತೆ ಇರುವುದು ಆ ವಿನಾಯಿತಿಯ ಬಗ್ಗೆಯೇ. 2012ರಲ್ಲಿ ಎರಡು ಸಿನಿಮಾಗಳಿಗೆ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶ ಹಿಡಿದು ಕಂಪನಿಗಳು ವಿಮಿಯೊ, ಡೈಲಿಮೋಷನ್‌ನಂಥ ಇಡೀ ವಿಡಿಯೊ ತಾಣಗಳನ್ನೇ ಮುಚ್ಚಿದವು. ಆಮೇಲೆ ಕೋರ್ಟೇ, ನಿರ್ದಿಷ್ಟ ಲಿಂಕ್‌ಗಳನ್ನು ಮಾತ್ರ ಮುಚ್ಚಿ ಅಂತ ಸ್ಪಷ್ಟಪಡಿಸಬೇಕಾಯಿತು. 2017ರ ಆಗಸ್ಟ್‌ನಲ್ಲಿ ಹಿಂದಿ ಸಿನಿಮಾ ನಿರ್ಮಾಪಕರು ಪಡೆದ ಅದೇ ಕೋರ್ಟಿನ ಆದೇಶದ ಪಟ್ಟಿಯಲ್ಲಿ 2600ಕ್ಕೂ ಹೆಚ್ಚು ತಾಣಗಳಿದ್ದವು, ಅದರಲ್ಲಿ ಆರ್ಕೈವ್ ಡಾಟ್ ಆರ್ಗ್ ಕೂಡ ಒಂದು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಒಂದು ಹಳೆಯ ಪಂಚಾಂಗ ಹುಡುಕುತ್ತಿದ್ದೆ. ಪುಟದ ಬದಲು, ಇಲಾಖೆಯ ಸೂಚನೆಯಂತೆ ತಡೆಯಲಾಗಿದೆ ಅನ್ನುವ ಒಂದು ಸಾಲು ಬಂತು. ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇರುವ ಜಾಗ ಅದು. ಇನ್ನು ವಿಎಲ್‌ಸಿ ಪ್ಲೇಯರ್‌ನ ತಾಣವನ್ನು 2022ರ ಫೆಬ್ರುವರಿಯಿಂದ ನವೆಂಬರ್‌ವರೆಗೆ ಮುಚ್ಚಿದ್ದರು. ಇಂಟರ್ನೆಟ್ ಬಳಕೆದಾರರ ಹಕ್ಕಿಗಾಗಿ ಕೆಲಸ ಮಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಲೀಗಲ್ ನೋಟಿಸ್ ಹೋದ ಮೇಲೆ ತೆರೆದರು.

ನಿಮ್ಮದು ಬ್ಲಾಕ್ ಅಲ್ಲ, ನಿಧಾನ. ಹಾಗಾಗಿ ಕಂಪನಿ ಆದೇಶದ ನೆಪ ಹೇಳಲಾರದು. ಫೋನ್ ಬೇಡ, ಇಮೇಲ್ ಮಾಡಿ. "ಇಂಟರ್ನೆಟ್ ಸ್ಲೋ" ಅಂತ ಬರೆದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಅದರ ಬದಲು ಹೀಗೆ ಕೇಳಿ: "ನನ್ನ ಲೈನಿನಲ್ಲಿ ಟೊರೆಂಟ್ ಪ್ರೋಟೊಕಾಲ್‌ಗೆ ಯಾವುದಾದರೂ ಮಿತಿ ಹಾಕಿದ್ದೀರಾ? ಹಾಕಿದ್ದರೆ ಯಾವ ನಿಯಮದ ಕೆಳಗೆ? ಬರಹದಲ್ಲಿ ತಿಳಿಸಿ." ಐದು ದಿನದ ಪಟ್ಟಿ ಜೊತೆಗಿರಲಿ. ದೂರಿನ ಡಾಕೆಟ್ ನಂಬರ್ ತೆಗೆದುಕೊಳ್ಳಿ. ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಕುಂದುಕೊರತೆ ಪೋರ್ಟಲ್‌ಗೆ. ಟ್ರಾಯ್ ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲ, ಅಲ್ಲಿ ದಿನ ಕಳೆಯಬೇಡಿ. ನನ್ನ ಮೇಲ್ಮನವಿಗೆ ಹನ್ನೊಂದನೇ ದಿನ "ನೆಟ್‌ವರ್ಕ್ ಸರಿಪಡಿಸಲಾಗಿದೆ" ಅನ್ನುವ ಒಂದು ಸಾಲಿನ ಉತ್ತರ ಬಂತು. ಅವತ್ತು ರಾತ್ರಿ 9ಕ್ಕೆ ಡೆಬಿಯನ್ ಪೂರ್ತಿ ಇಳಿಯಿತು.

ಮೊದಲು ವ್ಯಾನ್ ಐಪಿಯ ಮೊದಲ ಎರಡು ಸಂಖ್ಯೆ ಮಾತ್ರ ಇಲ್ಲಿ ಕೆಳಗೆ ಬರೆಯಿರಿ, ಪೂರ್ತಿ ಹಾಕಬೇಡಿ. ಸಿಜಿನ್ಯಾಟ್ ಹೌದೋ ಅಲ್ಲವೋ ನೋಡಿ ಹೇಳುತ್ತೇನೆ. ಪಟ್ಟಿ ಸಿದ್ಧವಾದರೆ ಇಮೇಲ್ ಕರಡನ್ನು ಸೇರಿಯೇ ಬರೆಯೋಣ.